ಪವರ್ ಸ್ಟೀರಿಂಗ್ ಪುಲ್ಲಿಯ ಕೀಚಲು ಸದ್ದು: ಒಂದೆರಡು ಮಿಲಿಮೀಟರ್‌ನ ಲೆಕ್ಕ

ಬಾವಿಯ ರಾಟೆ ಕಿರುಗುಟ್ಟಿದರೆ ಅಚ್ಚಿಗೆ ನಾಲ್ಕು ಹನಿ ಎಣ್ಣೆ ಬಿಡುತ್ತೇವೆ, ಸದ್ದು ನಿಲ್ಲುತ್ತದೆ. ಆ ಅಭ್ಯಾಸ ಕೈಗೆ ಎಷ್ಟು ಮೆತ್ತಿಕೊಂಡಿದೆಯೆಂದರೆ, ಕಾರಿನ ಬಾನೆಟ್‌ನೊಳಗಿಂದ ಕೀಚ್ ಕೀಚ್ ಎಂದ ಕೂಡಲೇ ಬೆಲ್ಟಿನ ಮೇಲೆ ಏನಾದರೊಂದು ಸ್ಪ್ರೇ ಹೊಡೆಯೋಣ ಅನ್ನಿಸುತ್ತದೆ. ಹೊಡೆದರೆ ಸದ್ದು ನಿಲ್ಲುವುದೂ ನಿಜ, ಒಂದೆರಡು ದಿನ. ಆಮೇಲೆ ಮತ್ತೆ ಶುರು, ಅಷ್ಟರಲ್ಲಿ ಬೆಲ್ಟೂ ಎಣ್ಣೆ ಕುಡಿದು ಹಾಳಾಗಿರುತ್ತದೆ. ರಾಟೆಯ ಸದ್ದು ಅಚ್ಚು ತಿರುಗುವ ಜಾಗದ್ದು. ಅಲ್ಲಿ ಜಾರಬೇಕು, ಅದಕ್ಕೇ ಎಣ್ಣೆ. ಕಾರಿನ ಬೆಲ್ಟಿನ ಸದ್ದು ಹಿಡಿತದ ಜಾಗದ್ದು. ಅಲ್ಲಿ ಜಾರಲೇಬಾರದು.

ನನ್ನ ಕಾರಿನಲ್ಲಿ ಒಮ್ಮೆ ಪವರ್ ಸ್ಟೀರಿಂಗ್ ಪಂಪ್ ಬದಲಾಯಿಸಿದ ಮಾರನೆಯ ಬೆಳಗಿನಿಂದಲೇ ಗುಬ್ಬಚ್ಚಿ ಕೂಗಿದ ಹಾಗೆ ಸದ್ದು ಶುರುವಾಯಿತು. ಬೆಲ್ಟ್ ಹಳತಾಗಿದೆ ಎಂದರು, ಹೊಸದು ಹಾಕಿಸಿದೆ. ಒಂದು ವಾರ ಸುಮ್ಮನಿದ್ದು ಮತ್ತೆ ಕೂಗಿತು. ಬೆಲ್ಟೇ ಕಳಪೆ ಎಂದರು, ಇನ್ನೊಂದು ಹಾಕಿಸಿದೆ. ಕೊನೆಗೆ ಒಂದು ಭಾನುವಾರ ಸ್ಟೀಲ್ ಸ್ಕೇಲ್ ಹಿಡಿದು ಬಗ್ಗಿ ನೋಡಿದಾಗ ಗೊತ್ತಾಯಿತು: ಹೊಸ ಪಂಪಿನ ಶಾಫ್ಟ್ (ಅಚ್ಚು) ಮೇಲೆ ಕೂರಿಸಿದ ಪುಲ್ಲಿ (ಬೆಲ್ಟ್ ಸುತ್ತುವ ಚಕ್ರ) ಕೂರಬೇಕಾದ ಜಾಗಕ್ಕಿಂತ ಸುಮಾರು 2 ಮಿಲಿಮೀಟರ್ ಹೊರಗೆ ನಿಂತಿತ್ತು. ಅಷ್ಟನ್ನು ಒಳಗೆ ತಳ್ಳಿದ ಮೇಲೆ ಸದ್ದು ನಿಂತದ್ದು ನಿಂತೇಹೋಯಿತು. ಎರಡು ಬೆಲ್ಟ್ ಸುಮ್ಮನೆ ಹೋದವು. ಪಂಪ್ ಬದಲಾಯಿಸಿದ ಮೇಲೆ ಶುರುವಾದ ಸದ್ದು ಅಂದರೆ ನಾನು ಈಗ ಮೊದಲು ಸ್ಕೇಲನ್ನೇ ಕೈಗೆತ್ತಿಕೊಳ್ಳುತ್ತೇನೆ.

ಮೊದಲು ನಿಮ್ಮ ಕಾರಿನಲ್ಲಿ ಈ ಪುಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಎಂಜಿನ್ನಿನ ಬೆಲ್ಟಿನಿಂದ ಪಂಪ್ ತಿರುಗಿಸಿ, ಎಣ್ಣೆಯ ಒತ್ತಡದಿಂದ ಸ್ಟೀರಿಂಗ್ ಹಗುರ ಮಾಡುವ ಪದ್ಧತಿ 1951ರಲ್ಲಿ ಕ್ರೈಸ್ಲರ್‌ನ ಇಂಪೀರಿಯಲ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂತು. 1988ರಲ್ಲಿ ಸುಝುಕಿಯ ಸೆರ್ವೋ ಕಾರಿನಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟರ್ ಬಂತು. ಈಗಿನ ಬಹುಪಾಲು ಹೊಸ ಕಾರುಗಳಲ್ಲಿ ಇರುವುದು ಆ ಮೋಟರೇ. ಅವುಗಳಲ್ಲಿ ಸ್ಟೀರಿಂಗ್ ಪಂಪೂ ಇಲ್ಲ, ಅದರ ಪುಲ್ಲಿಯೂ ಇಲ್ಲ. ಬಾನೆಟ್ ತೆರೆದಾಗ ಸ್ಟೀರಿಂಗ್ ಚಕ್ರದ ಚಿತ್ರವಿರುವ ಮುಚ್ಚಳದ ಎಣ್ಣೆ ಡಬ್ಬಿ ಕಂಡು, ಅದರ ಪಂಪ್ ಬೆಲ್ಟಿನಿಂದಲೇ ತಿರುಗುತ್ತಿದ್ದರೆ ಈ ಲೇಖನ ನಿಮಗೆ.

ಸದ್ದು ಹುಟ್ಟುವುದು ಹೇಗೆ

ಕರಿಹಲಗೆಯ ಮೇಲೆ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದರೆ ಮೈ ಜುಮ್ಮೆನ್ನುವ ಹಾಗೆ ಕಿರಿಚುತ್ತದಲ್ಲ, ಬೆಲ್ಟ್ ಕಿರಿಚುವುದೂ ಅದೇ ಕಾರಣಕ್ಕೆ. ಸುಣ್ಣದ ತುದಿ ಹಲಗೆಗೆ ಒಂದು ಕ್ಷಣ ಕಚ್ಚಿಕೊಳ್ಳುತ್ತದೆ, ಎಳೆತ ಹೆಚ್ಚಾದಾಗ ಜಾರುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದು ಕಿವಿಗೆ ಒಂದೇ ಸ್ವರ. ರಬ್ಬರ್ ಬೆಲ್ಟ್ ಮತ್ತು ಲೋಹದ ಪುಲ್ಲಿಯ ನಡುವೆಯೂ ಹೀಗೆಯೇ ಕಚ್ಚು-ಜಾರು ನಡೆಯುತ್ತದೆ. ಆದರೆ ಬೆಲ್ಟ್ ಯಾವ ದಿಕ್ಕಿಗೆ ಜಾರುತ್ತಿದೆ ಎಂಬುದರ ಮೇಲೆ ಸದ್ದು ಬೇರೆ ಬೇರೆ, ರೋಗವೂ ಬೇರೆ ಬೇರೆ.

ಬೆಲ್ಟ್ ತಾನು ಓಡುವ ದಿಕ್ಕಿನಲ್ಲೇ ಜಾರಿದರೆ ಉದ್ದಕ್ಕೆ ಕೀಂಯ್ ಎಂದು ಕಿರಿಚುತ್ತದೆ. ಕಾರು ನಿಲ್ಲಿಸುವಾಗ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಇದು ಜೋರಾಗಿ ಕೇಳುತ್ತದೆ. ಯಾಕೆಂದು ಲೆಕ್ಕ ಹಾಕಿ ನೋಡೋಣ. ಒಂದು ಸುತ್ತಿಗೆ 10 ಮಿಲಿಲೀಟರ್ ಎಣ್ಣೆ ತಳ್ಳುವ ಪಂಪ್, ಅದರ ಮೇಲೆ 13 ಸೆಂಟಿಮೀಟರ್ ವ್ಯಾಸದ ಪುಲ್ಲಿ ಎಂದಿಟ್ಟುಕೊಳ್ಳಿ. ನೇರ ರಸ್ತೆಯಲ್ಲಿ ಎಣ್ಣೆಯ ಒತ್ತಡ ನಾಲ್ಕೈದು ಬಾರ್ (ಬಾರ್ ಎಂಬುದು ಒತ್ತಡದ ಅಳತೆ) ಇದ್ದರೆ ಪಂಪ್ ತಿರುಗಿಸಲು ಬೆಲ್ಟ್ ಒಂದು ಕಿಲೋ ತೂಕದಷ್ಟು ಎಳೆದರೆ ಸಾಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ ಒತ್ತಡ 100 ಬಾರ್ ಮುಟ್ಟಿದರೆ ಅದೇ ಬೆಲ್ಟ್ ಸುಮಾರು 25 ಕಿಲೋದಷ್ಟು ಎಳೆಯಬೇಕು. ಸಡಿಲ ಬೆಲ್ಟ್ ಇಲ್ಲಿ ಸೋಲುತ್ತದೆ. ಸವೆದ ಬೆಲ್ಟೂ ಸೋಲುತ್ತದೆ. ಹಳೆಯ ಕಾಲದ ನಿಯೋಪ್ರೀನ್ ಬೆಲ್ಟ್ ಹಳತಾದರೆ ಬಿರುಕು ಬಿಟ್ಟು ತೋರಿಸುತ್ತಿತ್ತು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟ್ ಬಿರುಕು ಬಿಡುವುದು ಕಡಿಮೆ. ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೊಳಗೇ ಸವೆಯುತ್ತದೆ. ಬೆಲ್ಟಿನ ಒಳಮುಖದಲ್ಲಿ ಉದ್ದಕ್ಕೂ ಉಬ್ಬಿದ ಪಟ್ಟೆಗಳೂ ಅವುಗಳ ನಡುವೆ ಗೀರುಗಳೂ ಇರುತ್ತವೆ, ಪುಲ್ಲಿಯಲ್ಲಿ ಅವಕ್ಕೆ ಹೊಂದುವ ಗೀರು, ಏಣುಗಳಿರುತ್ತವೆ. ಬೆಲ್ಟಿನ ಗೀರುಗಳು ಸವೆದು ಅಗಲವಾಗಿ, ಪುಲ್ಲಿಯ ಏಣುಗಳು ಗೀರಿನ ತಳಕ್ಕೇ ತಾಗತೊಡಗಿದರೆ ಬದಿಗಳ ಹಿಡಿತ ತಪ್ಪಿಹೋಗುತ್ತದೆ.

ಇನ್ನೊಂದು ಸದ್ದು ತುಂಡು ತುಂಡಾದದ್ದು: ಚಿಂವ್, ಚಿಂವ್, ಚಿಂವ್. ಬೆಲ್ಟ್ ಒಂದು ಪುಲ್ಲಿಯಿಂದ ಹೊರಟು ಮುಂದಿನದಕ್ಕೆ ಓರೆಯಾಗಿ ಪ್ರವೇಶಿಸಿದಾಗ ಅದರ ಪಟ್ಟೆಗಳು ಪುಲ್ಲಿಯ ಗೀರಿನ ಗೋಡೆಗೆ ಉಜ್ಜಿಕೊಂಡು ಅಡ್ಡಡ್ಡ ಜಾರುತ್ತವೆ. ಟೆನ್ಷನ್ ಎಷ್ಟೇ ಸರಿಯಿದ್ದರೂ, ಬೆಲ್ಟ್ ಎಷ್ಟೇ ಹೊಸದಿದ್ದರೂ ಈ ಸದ್ದು ಹೋಗುವುದಿಲ್ಲ. ಹೊಸ ಬೆಲ್ಟಿನ ಪಟ್ಟೆಗಳ ಅಂಚು ಚೂಪಾಗಿರುವುದರಿಂದ ಕೆಲವೊಮ್ಮೆ ಹೆಚ್ಚೇ ಆಗುತ್ತದೆ. ಪುಲ್ಲಿ ಬಿಚ್ಚಿ ಮತ್ತೆ ಕೂರಿಸುವ ಕೆಲಸ ಬೇಕಾಗುವುದು ಮುಖ್ಯವಾಗಿ ಈ ಸದ್ದಿಗೆ.

ಮೂರನೆಯದು ಕೀಚಲೇ ಅಲ್ಲ, ಗೊಂಯ್ ಎಂಬ ನರಳಾಟ. ಸ್ಟೀರಿಂಗ್ ತಿರುಗಿಸಿದಾಗ ಏರುತ್ತದೆ. ಅದು ಪಂಪಿನೊಳಗೆ ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದ ಗುರುತು. ಡಬ್ಬಿಯಲ್ಲಿ ಎಣ್ಣೆಯ ಮಟ್ಟ ನೋಡಿ, ನೊರೆಯಿದೆಯೇ ನೋಡಿ. ಅದಕ್ಕೆ ಪುಲ್ಲಿ ಬಿಚ್ಚುವ ಅಗತ್ಯವಿಲ್ಲ.

ನೀರು ಹೇಳುವ ಗುಟ್ಟು

ಮೊದಲ ಎರಡು ಸದ್ದುಗಳನ್ನು ಕಿವಿಯಿಂದಲೇ ಬೇರೆ ಮಾಡಲು ಕಷ್ಟವಾದರೆ ಒಂದು ಬಾಟಲಿ ಶುದ್ಧ ನೀರು ಸಾಕು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಬೆಲ್ಟಿನ ಪಟ್ಟೆಗಳಿರುವ ಮುಖದ ಮೇಲೆ ದೂರದಿಂದ ನೀರಿನ ತುಂತುರು ಬಿಡಿ. ತೋಳು, ದುಪಟ್ಟಾ, ಜಡೆ, ಕೊರಳ ಸರ ಯಾವುದೂ ಬೆಲ್ಟಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಫ್ಯಾನ್ ಯಾವ ಕ್ಷಣದಲ್ಲಾದರೂ ಶುರುವಾಗಬಹುದು.

ನೀರು ಬಿದ್ದ ಕೂಡಲೇ ಸದ್ದು ನಿಂತು, ಕೆಲವು ಸೆಕೆಂಡಿನಲ್ಲಿ ಒಣಗಿದ ಮೇಲೆ ಮರಳಿ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ ಎಂದರ್ಥ. ಅಡ್ಡ ಉಜ್ಜಾಟಕ್ಕೆ ನೀರು ಸ್ವಲ್ಪ ಹೊತ್ತು ಜಾರುಪದರವಾಯಿತು, ಅಷ್ಟೇ. ನೀರು ಬಿದ್ದ ಮೇಲೆ ಸದ್ದು ಇನ್ನೂ ಜೋರಾದರೆ ಬೆಲ್ಟಿಗೆ ಬಿಗಿ ಸಾಲದು. ಆಗ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಎಳೆದಿಡುವ ತೋಳು) ಮತ್ತು ಬೆಲ್ಟಿನ ಸವೆತ ನೋಡಬೇಕು.

ಇನ್ನೊಂದು ಪರೀಕ್ಷೆ ಎಣಿಕೆಯದ್ದು. ನಿಧಾನದ ಓಟದಲ್ಲಿ ಎಂಜಿನ್ ನಿಮಿಷಕ್ಕೆ 750 ಸುತ್ತು ಸುತ್ತುತ್ತಿದೆ, ಬೆಲ್ಟನ್ನು ಓಡಿಸುವ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ 15 ಸೆಂಟಿಮೀಟರ್ ವ್ಯಾಸದ್ದು ಎಂದಿಟ್ಟುಕೊಂಡರೆ ಬೆಲ್ಟ್ ಸೆಕೆಂಡಿಗೆ ಆರು ಮೀಟರಿನ ಹತ್ತಿರ ಓಡುತ್ತದೆ. ಬೆಲ್ಟಿನ ಉದ್ದ 1.75 ಮೀಟರ್ ಇದ್ದರೆ ಅದು ಪೂರ್ತಿ ಒಂದು ಸುತ್ತು ಬರುವುದು ಸೆಕೆಂಡಿಗೆ ಮೂರೂವರೆ ಸಲದಷ್ಟೇ. ಆದರೆ 13 ಸೆಂಟಿಮೀಟರಿನ ಪಂಪ್ ಪುಲ್ಲಿ ಅದೇ ಸೆಕೆಂಡಿನಲ್ಲಿ 14 ಸಲ ತಿರುಗಿರುತ್ತದೆ. ಹಾಗಾಗಿ ಬೆರಳು ಮಡಿಚಿ ಎಣಿಸಬಹುದಾದಷ್ಟು ನಿಧಾನವಾಗಿ ಚಿಂವ್ ಎಂದರೆ ಬೆಲ್ಟಿನ ಒಂದೇ ಜಾಗದಲ್ಲಿ ಗಾಯವಿದೆ, ಇಲ್ಲವೇ ಪಟ್ಟೆಯೊಳಗೆ ಕಲ್ಲಿನ ಚೂರು ಸಿಕ್ಕಿಕೊಂಡಿದೆ. ಎಣಿಸಲಾಗದ ಹಾಗೆ ಚಿಟಪಟ ಉದುರಿದರೆ ಯಾವುದೋ ಪುಲ್ಲಿ ಸೊಟ್ಟಗಾಗಿ ಓಲಾಡುತ್ತಿದೆ. ಅಂದಾಜಿನ ಲೆಕ್ಕವೇ ಆದರೂ ಇದು ಎಷ್ಟೋ ಸಲ ದಾರಿ ತೋರಿಸುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಬೆಲ್ಟಿನ ಬೆನ್ನ ಮೇಲೆ 6ಪಿಕೆ1750 ಎಂಬಂಥ ಅಚ್ಚಿರುತ್ತದೆ. ಆರು ಪಟ್ಟೆ, 1750 ಮಿಲಿಮೀಟರ್ ಉದ್ದ ಎಂದು ಅದರ ಅರ್ಥ. ಪಿಕೆ ಎಂಬುದು ಪಟ್ಟೆಯ ಅಳತೆ: ಒಂದರಿಂದ ಇನ್ನೊಂದಕ್ಕೆ 3.56 ಮಿಲಿಮೀಟರ್. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಎಷ್ಟೋ ಸಲ ಬೆಲ್ಟ್ ಹಾಕುವಾಗ ಒಂದು ಪಟ್ಟೆ ತಪ್ಪಿ ಪಕ್ಕದ ಗೀರಿನಲ್ಲಿ ಕೂತಿರುತ್ತದೆ. ಅಂದರೆ ಪುಲ್ಲಿ ಸರಿಯಿದ್ದೂ ಬೆಲ್ಟ್ ಮೂರೂವರೆ ಮಿಲಿಮೀಟರ್ ಓರೆ. ಎಂಜಿನ್ ಆರಿಸಿ, ಪ್ರತಿ ಪುಲ್ಲಿಯ ಅಂಚಿನಲ್ಲೂ ಬೆಲ್ಟಿನ ಹೊರಗೆ ಎಷ್ಟು ಗೀರು ಖಾಲಿ ಉಳಿದಿದೆ ಎಂದು ಟಾರ್ಚ್ ಹಿಡಿದು ನೋಡಿ. ಇದೊಂದೇ ತಪ್ಪಾಗಿದ್ದರೆ ಬೆಲ್ಟ್ ತೆಗೆದು ಹಾಕಿದರೆ ಕೆಲಸ ಮುಗಿಯಿತು.

ಬೆಲ್ಟ್ ಸರಿಯಾಗಿ ಕೂತಿದ್ದರೆ ಮುಂದಿನದು ಸಾಲಿನ ಪರೀಕ್ಷೆ. ನೆಟ್ಟಗಿನ ಒಂದು ಸ್ಟೀಲ್ ಪಟ್ಟಿಯನ್ನು ಪಂಪ್ ಪುಲ್ಲಿಯ ಮುಖಕ್ಕೂ ಅದರ ಪಕ್ಕದ ಗೀರಿರುವ ಪುಲ್ಲಿಯ ಮುಖಕ್ಕೂ ಆನಿಸಿ ಹಿಡಿಯಬೇಕು. ನಾಲ್ಕು ಕಡೆ ಚೆನ್ನಾಗಿ ತಾಗಿದರೆ ಸಾಲು ಸರಿ. ಒಂದು ಕಡೆ ಬೆಳಕು ತೂರಿದರೆ ಅಲ್ಲಿ ಎಷ್ಟು ಸಂದಿಯಿದೆ ಎಂದು ಅಳೆಯಿರಿ. ಇಲ್ಲೊಂದು ಎಚ್ಚರಿಕೆ: ಎರಡು ಪುಲ್ಲಿಗಳ ಹೊರ ಅಂಚಿನ ದಪ್ಪ ಒಂದೇ ಇರಬೇಕೆಂದಿಲ್ಲ. ಹಾಗಾಗಿ ಅಂಚಿನಿಂದ ಮೊದಲ ಗೀರಿಗೆ ಎಷ್ಟು ದೂರ ಎಂಬುದನ್ನು ಎರಡರಲ್ಲೂ ಅಳೆದು ವ್ಯತ್ಯಾಸ ಕಳೆಯಬೇಕು. ಬೆಲ್ಟಿನ ಬೆನ್ನು ಸವರಿಕೊಂಡು ಹೋಗುವ ನುಣುಪಾದ ಐಡ್ಲರ್ ಪುಲ್ಲಿಯನ್ನು ಅಳತೆಗೆ ಇಟ್ಟುಕೊಳ್ಳಬೇಡಿ, ಅದರ ಮೇಲೆ ಬೆಲ್ಟ್ ಆಚೀಚೆ ಸರಿದರೂ ನಡೆಯುತ್ತದೆ. ಗೀರಿರುವ ಎರಡು ಪುಲ್ಲಿಗಳ ನಡುವೆ 30 ಸೆಂಟಿಮೀಟರ್ ದೂರವಿದ್ದರೆ ಒಂದೂವರೆ ಮಿಲಿಮೀಟರ್ ತಪ್ಪು ಸುಮಾರು 0.3 ಡಿಗ್ರಿ ಓರೆಗೆ ಸಮ. ಚಿಂವ್ ಎನ್ನಿಸಲು ಅಷ್ಟು ಓರೆ ಸಾಕಾಗುತ್ತದೆ. ದೂರ ಕಡಿಮೆಯಿದ್ದರೆ ಅದಕ್ಕಿಂತ ಸಣ್ಣ ತಪ್ಪೂ ಸದ್ದು ಮಾಡುತ್ತದೆ.

ಈಗ ಬೆಲ್ಟ್ ತೆಗೆಯಬಹುದು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಕೀ ಜೇಬಿನಲ್ಲಿಟ್ಟುಕೊಳ್ಳಿ, ಎಂಜಿನ್ ತಣ್ಣಗಾಗಲಿ. ಬೆಲ್ಟ್ ಸುತ್ತಿರುವ ದಾರಿಯ ಫೋಟೋ ತೆಗೆಯಿರಿ. ಇದನ್ನು ಮರೆತು ಆಮೇಲೆ ಒದ್ದಾಡಿದವರು ಬಹಳ. ಟೆನ್ಷನರ್ ತೋಳನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ ಸರಿಸಿ ಬೆಲ್ಟ್ ಜಾರಿಸಿ, ತೋಳನ್ನು ನಿಧಾನವಾಗಿ ವಾಪಸು ಬಿಡಿ.

ಬೆಲ್ಟ್ ಇಲ್ಲದ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡುವ ಅವಕಾಶ ಇದೊಂದೇ, ಬಿಡಬೇಡಿ. ಆಲ್ಟರ್ನೇಟರ್, ಐಡ್ಲರ್, ಟೆನ್ಷನರ್ ಇವುಗಳಲ್ಲಿ ಗರಗರ ಎನ್ನುವುದು ಬೇರಿಂಗ್ ಹೋದದ್ದರ ಗುರುತು, ಸದ್ದಿನ ಮೂಲ ಅದೇ ಇರಬಹುದು. ಪಂಪಿನ ಪುಲ್ಲಿ ಎಣ್ಣೆಯನ್ನು ತಳ್ಳಿಕೊಂಡು ತಿರುಗುವುದರಿಂದ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಅದನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಶಾಫ್ಟೇ ಅಲುಗಾಡಿದರೆ ಪಂಪಿನ ಬೇರಿಂಗ್ ಸವೆದಿದೆ, ಆಗ ಪುಲ್ಲಿ ಎಷ್ಟು ಸಲ ಕೂರಿಸಿದರೂ ಪ್ರಯೋಜನವಿಲ್ಲ. ಇನ್ನು ಸೊಟ್ಟ ನೋಡಲು ಒಂದು ತಂತಿಯ ತುದಿಯನ್ನು ಪುಲ್ಲಿಯ ಅಂಚಿಗೆ ಕೂದಲೆಳೆ ದೂರದಲ್ಲಿ ನಿಲ್ಲಿಸಿ, ಪುಲ್ಲಿಯನ್ನು ಒಂದು ಸುತ್ತು ತಿರುಗಿಸಿ. ತಂತಿ ಒಂದು ಕಡೆ ತಾಗಿ ಇನ್ನೊಂದು ಕಡೆ ದೂರವಾದರೆ ಪುಲ್ಲಿ ಬಾಗಿದೆ. ಬಾಗಿದ ಪುಲ್ಲಿಯನ್ನು ಬಡಿದು ನೆಟ್ಟಗೆ ಮಾಡಲು ಹೋಗಬೇಡಿ, ಹೊಸದೇ ಬೇಕು.

ಕೊನೆಯದಾಗಿ, ಬಿಚ್ಚುವ ಮೊದಲೇ ಶಾಫ್ಟಿನ ತುದಿಗೂ ಪುಲ್ಲಿಯ ನಡುಗುಂಬದ (ಶಾಫ್ಟ್ ತೂರುವ ನಡುವಿನ ಉಬ್ಬಿನ) ಮುಖಕ್ಕೂ ಎಷ್ಟು ಎತ್ತರ-ತಗ್ಗು ಇದೆ ಎಂದು ವರ್ನಿಯರ್ ಕ್ಯಾಲಿಪರಿನ ಆಳದ ಕಡ್ಡಿಯಿಂದ ಅಳೆದು ಬರೆದಿಟ್ಟುಕೊಳ್ಳಿ. ಕಾರಿನ ಮೂಲ ಪುಲ್ಲಿ ಯಾರೂ ಮುಟ್ಟದೆ ಇದ್ದದ್ದಾದರೆ ಈ ಅಂಕಿಯೇ ನಿಮ್ಮ ಗುರಿ. ಯಾರೋ ತಪ್ಪಾಗಿ ಕೂರಿಸಿದ್ದಾದರೆ ಈ ಅಂಕಿಗೆ ಸಾಲಿನ ತಪ್ಪನ್ನು ಕೂಡಿಸಿ ಅಥವಾ ಕಳೆದು ಹೊಸ ಗುರಿ ಬರೆದುಕೊಳ್ಳಿ.

ನಟ್ ಇಲ್ಲದ ಪುಲ್ಲಿ

ಕೆಲವು ಕಾರುಗಳಲ್ಲಿ ಪುಲ್ಲಿಯನ್ನು ಮೂರು ಬೋಲ್ಟ್ ಹಿಡಿದಿರುತ್ತವೆ, ಇನ್ನು ಕೆಲವುಗಳಲ್ಲಿ ನಡುವೆ ಒಂದು ದೊಡ್ಡ ನಟ್ ಇರುತ್ತದೆ. ಅವನ್ನು ಬಿಚ್ಚುವುದು, ತಯಾರಕರು ಹೇಳಿದ ಬಿಗಿಗೆ ಮತ್ತೆ ಬಿಗಿಯುವುದು ಸುಲಭದ ಕೆಲಸ. ಅಲ್ಲಿ ಸಾಲು ತಪ್ಪುವುದೂ ಅಪರೂಪ. ತೊಂದರೆ ಬರುವುದು ಹೆಚ್ಚಾಗಿ ಮೂರನೆಯ ಬಗೆಯಲ್ಲಿ: ನಟ್ಟೂ ಇಲ್ಲ, ಬೋಲ್ಟೂ ಇಲ್ಲ, ಪುಲ್ಲಿ ಶಾಫ್ಟಿನ ಮೇಲೆ ಒತ್ತಿ ಕೂರಿಸಿದ್ದು. ಪುಲ್ಲಿಯ ತೂತು ಶಾಫ್ಟಿಗಿಂತ ಒಂದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ಚಿಕ್ಕದಿರುತ್ತದೆ. ಆ ಇಕ್ಕಟ್ಟೇ ಅದನ್ನು ಹಿಡಿದಿಡುವುದು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಿಡಿದುಕೊಂಡಿರುತ್ತದಲ್ಲ, ಹಾಗೆ. ಇಂಥ ಪುಲ್ಲಿ ಎಲ್ಲಿ ನಿಲ್ಲಬೇಕು ಎಂದು ಹೇಳುವ ಮೆಟ್ಟಿಲು ಶಾಫ್ಟಿನ ಮೇಲೆ ಇರದೆ ಹೋಗಬಹುದು. ಆಗ ಕೂರಿಸುವವರು ಎಲ್ಲಿ ಕೈ ನಿಲ್ಲಿಸುತ್ತಾರೋ ಅದೇ ಅದರ ಜಾಗ. ಹೊಸ ಪಂಪುಗಳು ಎಷ್ಟೋ ಸಲ ಪುಲ್ಲಿಯಿಲ್ಲದೆ ಬರುವುದರಿಂದ ಹಳೆಯದನ್ನು ಕಿತ್ತು ಹೊಸ ಪಂಪಿಗೆ ಹಾಕಬೇಕಾಗುತ್ತದೆ. ನನ್ನ ಕಾರಿನಲ್ಲಿ 2 ಮಿಲಿಮೀಟರ್ ತಪ್ಪಿದ್ದು ಅಲ್ಲಿಯೇ.

ಇದನ್ನು ಕೀಳಲು ಸುತ್ತಿಗೆ, ಸ್ಕ್ರೂಡ್ರೈವರ್, ಗಡಾರಿ ಯಾವುದೂ ಬೇಡ. ಮಾಮೂಲಿ ಮೂರು ಕಾಲಿನ ಪುಲ್ಲರ್ ಕೂಡ ಬೇಡ. ತಗಡನ್ನು ಒತ್ತಿ ಮಾಡಿದ ಪುಲ್ಲಿಯ ಅಂಚಿಗೆ ಆ ಕಾಲುಗಳನ್ನು ಸಿಕ್ಕಿಸಿ ಎಳೆದರೆ ಅಂಚು ಹೂವಿನ ಎಸಳಿನ ಹಾಗೆ ಹೊರಕ್ಕೆ ಬಾಗುತ್ತದೆ. ಪವರ್ ಸ್ಟೀರಿಂಗ್ ಪುಲ್ಲಿಗೆಂದೇ ಒಂದು ಪುಲ್ಲರ್ ಸೆಟ್ ಬರುತ್ತದೆ, ಅದನ್ನೇ ಕೇಳಿ ತನ್ನಿ. ಪುಲ್ಲಿಯ ನಡುಗುಂಬದ ತುದಿಯಲ್ಲಿ ಸುತ್ತಲೂ ಒಂದು ಕಾಲುವೆ ಕೊರೆದಿರುತ್ತದೆ. ಸೆಟ್ಟಿನಲ್ಲಿರುವ ಎರಡು ಅರ್ಧ ಬಳೆಗಳು ಆ ಕಾಲುವೆಯನ್ನು ಕಚ್ಚಿಕೊಳ್ಳುತ್ತವೆ, ಅವು ಬಿಚ್ಚಿಹೋಗದಂತೆ ಮೇಲೆ ಕೊಳವೆಯಂಥ ಒಂದು ಕವಚ ಕೂರುತ್ತದೆ, ನಡುವಿನ ಸ್ಕ್ರೂ ಶಾಫ್ಟಿನ ತುದಿಯನ್ನು ಒತ್ತುತ್ತದೆ. ಪುಲ್ಲರಿನ ಮೈಯನ್ನು ಒಂದು ಸ್ಪ್ಯಾನರಿನಿಂದ ಹಿಡಿದು, ಸ್ಕ್ರೂವನ್ನು ಇನ್ನೊಂದರಿಂದ ತಿರುಗಿಸಿದರೆ ಪುಲ್ಲಿ ಮಿಲಿಮೀಟರ್ ಮಿಲಿಮೀಟರಾಗಿ ಹೊರಗೆ ಬರುತ್ತದೆ. ಸ್ಕ್ರೂವಿನ ಎಳೆಗೂ ತುದಿಗೂ ಗ್ರೀಸ್ ಹಚ್ಚಿರಬೇಕು. ಮೊದಲ ಸಲ ಸಡಿಲವಾಗುವಾಗ ಟಪ್ ಎಂದು ಒಂದು ಸದ್ದು ಬರುತ್ತದೆ, ಗಾಬರಿಯಾಗಬೇಡಿ. ಅರ್ಧ ಬಳೆಗಳು ಓರೆಯಾಗಿ ಕಚ್ಚಿವೆ ಅನ್ನಿಸಿದರೆ ಮಾತ್ರ ನಿಲ್ಲಿಸಿ ಮತ್ತೆ ಕೂರಿಸಿ. ಗುಂಬದ ತುಟಿ ಮುರಿದರೆ ಹಿಡಿಯಲು ಬೇರೆ ಜಾಗವೇ ಉಳಿಯುವುದಿಲ್ಲ.

ಸುತ್ತಿಗೆ ಯಾಕೆ ಬೇಡ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ತಪ್ಪು ಹೆಚ್ಚು ನಡೆಯುವುದು. ಪಂಪಿನೊಳಗೆ ಒಂದು ರೋಟರ್, ಅದರ ಸುತ್ತ ಸೀಳುಗಳಲ್ಲಿ ಒಳಗೆ ಹೊರಗೆ ಜಾರುವ ತೆಳು ಬಿಲ್ಲೆಗಳು, ಎರಡೂ ಬದಿಗೆ ನುಣ್ಣಗೆ ಉಜ್ಜಿದ ತಟ್ಟೆಗಳು. ಶಾಫ್ಟ್ ಉದ್ದಕ್ಕೆ ಸರಿಯದಂತೆ ಒಂದು ಸಣ್ಣ ಉಂಗುರ ಹಿಡಿದಿರುತ್ತದೆ. ಪುಲ್ಲಿಯ ಮೇಲೆ ಸುತ್ತಿಗೆಯಿಂದ ಹೊಡೆದ ಪ್ರತಿ ಏಟೂ ಶಾಫ್ಟಿನ ಮೂಲಕ ಆ ಉಂಗುರಕ್ಕೂ ತಟ್ಟೆಗಳಿಗೂ ಬೀಳುತ್ತದೆ. ಪುಲ್ಲರ್ ಬಳಸಿದಾಗ ಹಾಗಲ್ಲ: ಸ್ಕ್ರೂ ಶಾಫ್ಟನ್ನು ಎಷ್ಟು ಒಳಗೆ ಒತ್ತುತ್ತದೋ ಅಷ್ಟೇ ಬಲದಿಂದ ಬಳೆಗಳು ಪುಲ್ಲಿಯನ್ನು ಹೊರಗೆ ಎಳೆಯುತ್ತವೆ. ಆ ಜಗ್ಗಾಟ ಶಾಫ್ಟ್ ಮತ್ತು ಪುಲ್ಲಿಯ ನಡುವೆಯೇ ಮುಗಿದುಹೋಗುತ್ತದೆ, ಪಂಪಿನ ಒಳಗಿನ ಭಾಗಗಳಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಬಿಸಿ ಮಾಡಿ ಸಡಿಲಿಸುವ ಉಪಾಯವೂ ಇಲ್ಲಿ ಸಲ್ಲದು. ಪುಲ್ಲಿಯ ಹಿಂದೆಯೇ ಶಾಫ್ಟಿನ ರಬ್ಬರ್ ಸೀಲ್ ಇದೆ, ಅದು ಬೆಂದರೆ ಎಣ್ಣೆ ಸೋರಲು ಶುರು.

ಪುಲ್ಲಿ ಕೈಗೆ ಬಂದ ಮೇಲೆ ಆ ಸೀಲಿನ ಸುತ್ತ ಬೆರಳಾಡಿಸಿ ನೋಡಿ. ಒದ್ದೆಯಾಗಿದ್ದರೆ ಈಗಲೇ ಅದನ್ನು ಬದಲಾಯಿಸುವುದು ಒಳ್ಳೆಯದು, ಸ್ಟೀರಿಂಗ್ ಎಣ್ಣೆ ತಾಗಿದ ಬೆಲ್ಟ್ ಉಬ್ಬಿ ಮೆತ್ತಗಾಗುತ್ತದೆ. ಪುಲ್ಲಿಯ ಗೀರುಗಳಲ್ಲಿ ಒಣಗಿ ಗಟ್ಟಿಯಾದ ರಬ್ಬರ್ ಕಿಟ್ಟವನ್ನು ಗಟ್ಟಿ ಕೂದಲಿನ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಒಂದು ಗೀರಿನಲ್ಲಿ ಕಿಟ್ಟ ಉಳಿದರೂ ಆ ಪಟ್ಟೆ ಎತ್ತರದಲ್ಲಿ ಕೂತು ಕಿರಿಚುತ್ತದೆ. ಗೀರಿನ ಗೋಡೆಯಲ್ಲಿ ತುಕ್ಕಿನ ಗುಳಿ, ತೂತಿನೊಳಗೆ ಉದ್ದುದ್ದ ಗೀಚು, ಗುಂಬದ ಬುಡದಲ್ಲಿ ಬಿರುಕು ಕಂಡರೆ ಆ ಪುಲ್ಲಿಗೆ ವಿದಾಯ ಹೇಳಿ. ಪ್ಲಾಸ್ಟಿಕ್ ಮಿಶ್ರಣದ ಪುಲ್ಲಿಯಾದರೆ ಒಮ್ಮೆ ಕಿತ್ತದ್ದನ್ನು ಮತ್ತೆ ಹಾಕದೆ ಹೊಸದು ಹಾಕುವುದೇ ಕ್ಷೇಮ. ಲೋಹದ್ದಾದರೂ ಕಿತ್ತು ಹಾಕಿದ ಪ್ರತಿ ಸಲವೂ ತೂತಿನ ಇಕ್ಕಟ್ಟು ಒಂದಿಷ್ಟು ಸಡಿಲವಾಗುತ್ತದೆ.

ಮತ್ತೆ ಕೂರಿಸುವುದು

ಶಾಫ್ಟನ್ನೂ ತೂತನ್ನೂ ಒರೆಸಿ, ತುಕ್ಕಿದ್ದರೆ ನಯವಾದ ಎಮೆರಿ ಕಾಗದದಿಂದ ಮೆಲ್ಲಗೆ ಉಜ್ಜಿ, ತೆಳ್ಳಗೆ ಎಣ್ಣೆ ಸವರಿ. ಉಜ್ಜುವುದು ತುಕ್ಕು ಹೋಗುವಷ್ಟು ಮಾತ್ರ. ಲೋಹ ಸವೆದರೆ ಹಿಡಿತ ಹೋಯಿತು.

ಶಾಫ್ಟಿನ ತುದಿಯಲ್ಲಿ ಒಳಗೆ ಎಳೆ ಕೊರೆದ ಒಂದು ತೂತಿರುತ್ತದೆ. ಅದು ಇರುವುದೇ ಈ ಕೆಲಸಕ್ಕೆ. ಸೆಟ್ಟಿನ ಇನ್ನೊಂದು ಉಪಕರಣದ ಸ್ಕ್ರೂವನ್ನು ಆ ತೂತಿಗೆ ಕೈಯಿಂದಲೇ ಪೂರ್ತಿ ತಿರುಗಿಸಿ ಇಳಿಸಬೇಕು. ಎರಡು ಸುತ್ತಿಗೇ ಬಿಗಿಯಾದರೆ ಎಳೆಯ ಅಳತೆ ತಪ್ಪಿದೆ, ಸೆಟ್ಟಿನಲ್ಲಿ ಬೇರೆ ತುದಿ ಇರುತ್ತದೆ, ಅದನ್ನು ಹಾಕಿ. ಅರೆಬರೆ ಇಳಿದ ಸ್ಕ್ರೂವಿನ ಮೇಲೆ ಬಲ ಹಾಕಿದರೆ ಶಾಫ್ಟಿನ ಎಳೆಗಳು ಕಿತ್ತು ಬರುತ್ತವೆ, ಆಮೇಲೆ ಪಂಪನ್ನೇ ಬದಲಾಯಿಸಬೇಕಾದೀತು. ಸ್ಕ್ರೂ ಇಳಿದ ಮೇಲೆ ಅದರ ಮೇಲಿನ ದೊಡ್ಡ ನಟ್ ಒಂದು ಬೇರಿಂಗ್ ಮೂಲಕ ಪುಲ್ಲಿಯನ್ನು ಒಳಗೆ ತಳ್ಳುತ್ತದೆ. ಸ್ಕ್ರೂವಿನ ತಲೆ ತಿರುಗದಂತೆ ಒಂದು ಸ್ಪ್ಯಾನರಿನಿಂದ ಹಿಡಿದುಕೊಂಡು, ಇನ್ನೊಂದರಿಂದ ನಟ್ ತಿರುಗಿಸಿ. ಇಲ್ಲಿಯೂ ಎಳೆತ ಶಾಫ್ಟಿನ ಎಳೆಗಳಿಗೂ ಪುಲ್ಲಿಗೂ ನಡುವೆಯೇ ಸುತ್ತಿಕೊಳ್ಳುತ್ತದೆ, ಪಂಪಿಗೆ ಏಟಿಲ್ಲ.

ಮೊದಲ ಒಂದೆರಡು ಸುತ್ತು ಬಹಳ ಮುಖ್ಯ. ಪುಲ್ಲಿ ಶಾಫ್ಟಿಗೆ ನೆಟ್ಟಗೆ ಹತ್ತುತ್ತಿದೆಯೇ ಎಂದು ಎರಡು ದಿಕ್ಕಿನಿಂದ ನೋಡಿ. ಓರೆಯಾಗಿ ಹತ್ತಿದರೆ ತೂತು ಕೆರೆದುಹೋಗುತ್ತದೆ. ಆಮೇಲೆ ಬಲ ಒಂದೇ ಸಮನೆ ಇರಬೇಕು. ಇದ್ದಕ್ಕಿದ್ದಂತೆ ಬಿಗಿಯಾದರೆ ನಿಲ್ಲಿಸಿ ಕಾರಣ ಹುಡುಕಿ. ನಟ್ಟಿನ ಎಳೆಯ ಅಂತರ ಒಂದೂವರೆ ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ ಪುಲ್ಲಿ ಅಷ್ಟೇ ಸರಿಯುತ್ತದೆ, ಕಾಲು ಸುತ್ತಿಗೆ 0.4 ಮಿಲಿಮೀಟರಿಗಿಂತಲೂ ಕಡಿಮೆ. ಇಷ್ಟು ಸೂಕ್ಷ್ಮವಾಗಿ ಸರಿಸುವ ಅನುಕೂಲ ಇರುವಾಗ ಆತುರ ಯಾಕೆ? ಬರೆದಿಟ್ಟ ಗುರಿಗೆ 1 ಮಿಲಿಮೀಟರ್ ಇರುವಾಗಲೇ ನಿಲ್ಲಿಸಿ. ಉಪಕರಣ ತೆಗೆದು ಅಳೆಯಿರಿ, ಸ್ಟೀಲ್ ಪಟ್ಟಿ ಹಿಡಿದು ಸಾಲು ನೋಡಿ, ಮತ್ತೆ ಉಪಕರಣ ಹಾಕಿ ಕಾಲು ಸುತ್ತು. ಬೇಸರದ ಕೆಲಸ ಹೌದು. ಆದರೆ ಗುರಿ ದಾಟಿ ಒಳಗೆ ಹೋದರೆ ಪುಲ್ಲರ್ ಹಾಕಿ ಮತ್ತೆ ಹೊರಗೆ ಎಳೆಯಬೇಕು, ಆ ಹಿಂದೆ ಮುಂದೆ ಓಡಾಟದಲ್ಲಿ ಹಿಡಿತ ಸಡಿಲವಾಗುತ್ತದೆ.

ಶಾಫ್ಟಿನ ತುದಿಯೂ ಗುಂಬದ ಮುಖವೂ ಒಂದೇ ಮಟ್ಟಕ್ಕೆ ಬಂದರೆ ಸರಿ ಎಂಬ ಮಾತು ಬಳಕೆಯಲ್ಲಿದೆ. ಎಷ್ಟೋ ಕಾರುಗಳಿಗೆ ಅದು ನಿಜವೂ ಹೌದು. ಆದರೆ ಎಲ್ಲಕ್ಕೂ ಅಲ್ಲ. ಪಂಪ್ ಬೇರೆ ತಯಾರಕರದ್ದಾಗಿದ್ದರೆ, ಪಂಪನ್ನು ಎಂಜಿನ್ನಿಗೆ ಹಿಡಿಸುವ ಬ್ರ್ಯಾಕೆಟ್ ಬದಲಾಗಿದ್ದರೆ ಮಟ್ಟ ಸಮವಾಗಿದ್ದೂ ಸಾಲು ತಪ್ಪಬಹುದು. ಎರಡು ಮಾತು ಬೇರೆ ಬೇರೆ ಬಂದಾಗ ನಾನು ಪಕ್ಕದ ಪುಲ್ಲಿಯ ಜೊತೆಗಿನ ಸಾಲನ್ನೇ ನಂಬುತ್ತೇನೆ. ಬೆಲ್ಟ್ ಓಡುವುದು ಆ ಸಾಲಿನಲ್ಲಿ.

ಬೆಲ್ಟ್ ಹಾಕುವಾಗ ಫೋಟೋ ನೋಡಿ ದಾರಿ ಹಿಡಿಯಿರಿ, ಪ್ರತಿ ಪುಲ್ಲಿಯಲ್ಲೂ ಪಟ್ಟೆ ಗೀರಿಗೆ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಎಂಜಿನ್ ಶುರು ಮಾಡಿ, ಅದೇ ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ನೀರು ಬಿದ್ದಾಗಲೂ ಒಣಗಿದಾಗಲೂ ಸದ್ದಿನಲ್ಲಿ ವ್ಯತ್ಯಾಸವಿಲ್ಲ, ಎರಡೂ ಮೌನ ಎಂದರೆ ಸಾಲು ಕೂಡಿದೆ. ಆಮೇಲೆ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ, ಆದರೆ ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಆ ಒತ್ತಡದಲ್ಲಿ ಎಣ್ಣೆ ಬೇಗ ಕಾಯುತ್ತದೆ. ಪಂಪ್ ಕೆಳಗಿಳಿಸಿ ಕೆಲಸ ಮಾಡಿದ್ದರೆ ಎಂಜಿನ್ ಶುರು ಮಾಡುವ ಮೊದಲೇ ಮುಂದಿನ ಚಕ್ರಗಳನ್ನು ಭದ್ರವಾದ ಸ್ಟ್ಯಾಂಡಿನ ಮೇಲೆತ್ತಿ, ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ಹದಿನೈದು ಇಪ್ಪತ್ತು ಸಲ ತಿರುಗಿಸಿ, ನಡುನಡುವೆ ಡಬ್ಬಿಗೆ ಎಣ್ಣೆ ತುಂಬಿ ಗಾಳಿ ಹೊರಹಾಕಬೇಕು. ಎಣ್ಣೆ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೋ ಕಾರಿನ ಕೈಪಿಡಿಯಲ್ಲೋ ಬರೆದಿರುತ್ತದೆ, ಅದನ್ನೇ ಹಾಕಿ.

ಇನ್ನೂ ಒಂದು ಕೆಲಸವಿದೆ. ಎಂಜಿನ್ ಆರಿಸಿ, ಬಿಳಿ ಪೇಂಟ್ ಪೆನ್ನಿನಿಂದ ಶಾಫ್ಟಿನ ತುದಿಯ ಮೇಲಿಂದ ಗುಂಬದ ಮೇಲಕ್ಕೆ ಹಾಯುವಂತೆ ಒಂದು ಗೆರೆ ಎಳೆಯಿರಿ, ಆಳದ ಅಳತೆಯನ್ನೂ ಬರೆದಿಡಿ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಾನೆಟ್ ತೆರೆದು ನೋಡಿ. ಪುಲ್ಲಿಯ ಅಂಚಿನ ಸುತ್ತ ಕಪ್ಪು ರಬ್ಬರ್ ಪುಡಿ ಕೂತಿದ್ದರೆ ಬೆಲ್ಟ್ ಇನ್ನೂ ಎಲ್ಲೋ ಉಜ್ಜುತ್ತಿದೆ, ಸಾಲನ್ನು ಮತ್ತೆ ಅಳೆಯಬೇಕು. ಬಿಳಿ ಗೆರೆ ಎರಡು ತುಂಡಾಗಿ ಒಂದರ ಪಕ್ಕ ಒಂದು ಸರಿದಿದ್ದರೆ ಪುಲ್ಲಿ ಶಾಫ್ಟಿನ ಮೇಲೆ ಜಾರಿ ತಿರುಗುತ್ತಿದೆ. ಆಳದ ಅಂಕಿ ಬದಲಾಗಿದ್ದರೆ ಅದು ಮೆಲ್ಲಗೆ ಹೊರಗೆ ನಡೆಯುತ್ತಿದೆ. ಎರಡರಲ್ಲಿ ಯಾವುದು ಕಂಡರೂ ಅದೇ ಪುಲ್ಲಿಯನ್ನು ಮತ್ತೆ ಒಳಗೆ ತಳ್ಳಿ ಓಡಿಸಬೇಡಿ. ತೂತಿನ ಇಕ್ಕಟ್ಟು ಮುಗಿದಿದೆ, ಹೊಸ ಪುಲ್ಲಿ ತಂದು, ಅದೇ ಅಳತೆಗೆ ಕೂರಿಸಿ.